‘ಕೊಟ್ಟಷ್ಟು ಕೊಡಿ’ ಅನ್ನುವಂತಿಲ್ಲ

ಸುಟ್ಟ ಮೋಟಾರಿನ ಘಾಟು ಒಮ್ಮೆ ಮೂಗಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಕರಗಿದ ಎನಾಮಲ್ಲು, ಕಪ್ಪಾದ ವಾರ್ನಿಶ್ಶು, ಹಳೇ ಗ್ರೀಸು ಮೂರೂ ಬೆರೆತ ವಾಸನೆ ಅದು. ಚಿತ್ರದುರ್ಗ ಸೀಮೆಯ ಬೋರ್‌ವೆಲ್ ಊರುಗಳಲ್ಲಿ ಶಿವರಾತ್ರಿ ಕಳೆದ ಮೇಲೆ ಈ ವಾಸನೆ ಗೊತ್ತಿಲ್ಲದ ರೈತನ ಮನೆ ಅಪರೂಪ. ಅದೇ ವಾಸನೆ ಇಲ್ಲಿ, ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯೊಂದರ ಹಿಂಬದಿಯ ಶೆಡ್ಡಿನಲ್ಲಿ, ಬೆಳಿಗ್ಗೆ ಹತ್ತಕ್ಕೇ ತುಂಬಿಕೊಂಡಿದೆ. ತಗಡಿನ ಮಾಡಿನ ಕೆಳಗೆ ಉದ್ದನೆಯ ಎರಡು ಬೆಂಚು, ಅವುಗಳ ಮೇಲೆ ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದ ಮೋಟಾರುಗಳು. ಸುತ್ತ ನಿಂತ ಹುಡುಗರ ಕೈಯಲ್ಲಿ ಉಳಿ, ಸುತ್ತಿಗೆ, ಇಕ್ಕಳ. ದೂರದ ಗುಡ್ಡದ ನೆತ್ತಿಯಲ್ಲಿ ಕರೆಂಟು ಹುಟ್ಟಿಸುವ ಗಾಳಿಯಂತ್ರಗಳು ಪುರುಸೊತ್ತಾಗಿ ತಿರುಗುತ್ತಿವೆ. ಶೆಡ್ಡಿನ ಫ್ಯಾನು ಮಾತ್ರ ನಿಂತಿದೆ, ಕರೆಂಟಿಲ್ಲ.

‘ಕೀಳೋಕೆ ಮುಂಚೆ ಎಣಿಸ್ರೋ!’ ಎಂದು ಮೇಷ್ಟ್ರು ಕೂಗುತ್ತಾರೆ. ಅವರು ಕಾಲೇಜಿನ ಮೇಷ್ಟ್ರಲ್ಲ, ಪೇಟೆಯಲ್ಲಿ ಸ್ವಂತ ರಿವೈಂಡಿಂಗ್ ಅಂಗಡಿ ಇಟ್ಟವರು. ಅಂಗುಲಕ್ಕೊಂದು ಕಲೆ ಇರುವ ಅಂಗಿಯಲ್ಲೇ ಪಾಠಕ್ಕೆ ಬಂದಿದ್ದಾರೆ. ಸುಟ್ಟ ಸುರುಳಿಯನ್ನು ಕಿತ್ತು ಬಿಸಾಕುವುದು ಕಷ್ಟವಲ್ಲ. ಒಂದು ಸ್ಲಾಟಿನಲ್ಲಿ ಎಷ್ಟು ಸುತ್ತು ಇತ್ತು, ತಂತಿ ಎಷ್ಟು ಗೇಜಿನದು, ಯಾವ ಸ್ಲಾಟಿನಿಂದ ಎದ್ದ ಸುರುಳಿ ಯಾವುದರೊಳಗೆ ಇಳಿದಿತ್ತು, ಇಷ್ಟನ್ನು ಬರೆದುಕೊಳ್ಳದೆ ಕಿತ್ತರೆ ಆ ಮೋಟಾರಿಗೆ ಗುಜರಿಯೇ ಗತಿ. ಚಳ್ಳಕೆರೆ ಕಡೆಯ ಹುಡುಗನೊಬ್ಬ ಸುಟ್ಟ ತಂತಿಯ ಎಳೆಗಳನ್ನು ಒಂದೊಂದಾಗಿ ಬೆರಳಿನಲ್ಲಿ ಸರಿಸುತ್ತ ಎಣಿಸುತ್ತಿದ್ದಾನೆ. ಅರವತ್ತರ ಹತ್ತಿರ ಯಾರೋ ಮಾತಾಡಿಸಿ ಲೆಕ್ಕ ತಪ್ಪಿಸಿದರು. ಹಲ್ಲು ಕಚ್ಚಿ, ಮತ್ತೆ ಒಂದರಿಂದ ಶುರು.

ಎಣಿಕೆ ಮುಗಿದ ಮೇಲೆ ಕೈಚಳಕ. ಸ್ಲಾಟಿನ ಒಳಮೈಗೆ ಇನ್ಸುಲೇಷನ್ ಕಾಗದ ಮಡಿಸಿ ಕೂರಿಸಬೇಕು. ಮರದ ಅಚ್ಚಿನ ಮೇಲೆ ಸುತ್ತಿದ ಹೊಸ ತಾಮ್ರದ ಸುರುಳಿಯನ್ನು ನಾಲ್ಕಾರು ಎಳೆಯಂತೆ ಒಳಕ್ಕೆ ಇಳಿಸಿ, ಬಿದಿರಿನ ಸೀಳಿನಿಂದ ಒತ್ತಿ, ಬಾಯಿಗೆ ಬೆಣೆ ಬಡಿಯಬೇಕು. ಉಗುರು ತಾಗಿ ಎನಾಮಲ್ ಗೀಚಿತೋ, ಮುಂದೊಂದು ದಿನ ಅಲ್ಲೇ ಷಾರ್ಟು. ಆಮೇಲೆ ತುದಿಗಳಿಗೆ ಸ್ಲೀವು ತೊಡಿಸಿ ದಾರದಿಂದ ಬಿಗಿದು, ಸೀರೀಸ್ ಬಲ್ಬಿಟ್ಟು ಪರೀಕ್ಷೆ ಮಾಡಿ, ವಾರ್ನಿಶ್ ಹೊಯ್ದು ಒಣಗಿಸಬೇಕು. ಸಬ್‌ಮರ್ಸಿಬಲ್ ಆದರೆ ಇನ್ನೂ ತಾಳ್ಮೆ ಬೇಕು. ನೀರಿನೊಳಗೇ ಓಡುವ ಆ ಮೋಟಾರಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ. ಸ್ಲಾಟಿನ ಬಾಯಿ ಮುಚ್ಚಿರುವುದರಿಂದ ಸುರುಳಿಯನ್ನು ಹೊರಗೆ ಸುತ್ತಿ ಇಳಿಸುವಂತಿಲ್ಲ, ಒಂದೊಂದೇ ಸುತ್ತನ್ನು ಈ ತುದಿಯಿಂದ ತೂರಿಸಿ ಆ ತುದಿಯಲ್ಲಿ ಎಳೆದುಕೊಳ್ಳಬೇಕು. ಇಬ್ಬರು ಎದುರುಬದುರು ಕೂತು ಮಾಡುವ ಕೆಲಸ. ಸಂಜೆಯಷ್ಟರಲ್ಲಿ ಇಬ್ಬರ ಬೆರಳ ತುದಿಯೂ ಕೆಂಪು.

ಈ ಸೀಮೆಯಲ್ಲಿ ಈ ಕಸುಬಿಗೆ ಕೆಲಸ ಹುಡುಕಿಕೊಂಡು ಹೋಗಬೇಕಿಲ್ಲ. ಬೇಸಿಗೆಯಲ್ಲಿ ವೋಲ್ಟೇಜು ಇಳಿಯುತ್ತದೆ, ಮೂರು ಫೇಸಿನಲ್ಲಿ ಒಂದು ಕೈಕೊಡುತ್ತದೆ, ನೀರು ಬತ್ತಿದ ಬೋರಿನಲ್ಲಿ ಪಂಪು ಒಣಗಾಗಿ ಓಡುತ್ತದೆ. ಮೂರರಲ್ಲಿ ಯಾವುದಾದರೂ ಸಾಕು ಮೋಟಾರು ಸುಡಲು. ಹೊಳಲ್ಕೆರೆಯ ಅಡಿಕೆಗಾಗಲಿ ಹಿರಿಯೂರಿನ ದಾಳಿಂಬೆಗಾಗಲಿ ‘ವಾರ ಬಿಟ್ಟು ಬಾ’ ಎನ್ನುವ ಅಂಗಡಿ ಆಗಿಬರುವುದಿಲ್ಲ. ರಾತ್ರಿ ಕೂತು ಬೆಳಿಗ್ಗೆ ಕೊಡುವವನಿಗೆ ರೈತ ಚೌಕಾಸಿ ಮಾಡದೆ ದುಡ್ಡು ಎಣಿಸುತ್ತಾನೆ. ಮೇಷ್ಟ್ರು ಇದನ್ನು ಪಾಠವೆಂದು ಹೇಳುವುದಿಲ್ಲ, ಉಳಿ ಹಿಡಿದುಕೊಂಡೇ ನಡುನಡುವೆ ಉದುರಿಸುತ್ತಾರೆ. ಹುಡುಗರ ಕಿವಿ ನೆಟ್ಟಗಾಗುವುದು ಆಗಲೇ.

ಪಿಯುಸಿ ಫೇಲಾದವರು, ಡಿಗ್ರಿ ಮುಗಿಸಿ ಎರಡು ವರ್ಷ ಅರ್ಜಿ ಹಾಕಿ ಸುಸ್ತಾದವರು, ಬೆಂಗಳೂರಿನ ದರ್ಶಿನಿಯಲ್ಲಿ ತಟ್ಟೆ ಎತ್ತಿ ವಾಪಸು ಬಂದವರು, ಎಲ್ಲರೂ ಈ ಬೆಂಚಿಗೆ ಬರುತ್ತಾರೆ. ಪತ್ರಿಕೆಯ ಮೂಲೆಯಲ್ಲಿ ಬಂದ ನಾಲ್ಕು ಸಾಲಿನ ಪ್ರಕಟಣೆ ಕೆಲವರನ್ನು ಕರೆತಂದಿದೆ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಬಿದ್ದ ಮಾತು ಇನ್ನು ಕೆಲವರನ್ನು. ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೊ ತಂದರೆ ಸಾಕು. ಕಲಿಕೆಗೆ ಫೀಸಿಲ್ಲ, ಊಟ ವಸತಿಗೆ ದುಡ್ಡಿಲ್ಲ. ರಿವೈಂಡಿಂಗ್, ಮೊಬೈಲ್ ರಿಪೇರಿ, ಹೊಲಿಗೆಯಂಥವಕ್ಕೆ ತಿಂಗಳ ತರಬೇತಿ. ಹೈನುಗಾರಿಕೆ, ಕುರಿ ಸಾಕಣೆ, ಅಣಬೆಯಂಥವು ಹತ್ತು ದಿನದಲ್ಲಿ ಮುಗಿಯುತ್ತವೆ.

ದಿನ ಬೆಳಕು ಹರಿಯುವ ಹೊತ್ತಿಗೇ ಶುರು. ಯೋಗ, ಅಂಗಳ ಗುಡಿಸುವ ಶ್ರಮದಾನ, ತಿಂಡಿ, ಪ್ರಾರ್ಥನೆ, ಆಮೇಲೆ ‘ಮಿಲ್ಲಿ’. ಈ ಸಂಸ್ಥೆಗಳಲ್ಲಿ ಉಳಿದವರೆಲ್ಲ ಸಲೀಸಾಗಿ ಬಳಸುವ, ಹೊಸಬರು ಯಾವುದೋ ಹುಡುಗಿಯ ಹೆಸರೆಂದುಕೊಳ್ಳುವ ಪದ ಅದು. ಒಬ್ಬೊಬ್ಬರೇ ಎದ್ದು ಮುಂದೆ ಬಂದು, ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದು ಯಾವುದು ಎಂದು ಎಲ್ಲರೆದುರು ಹೇಳಬೇಕು. ಮೊದಲ ದಿನಗಳಲ್ಲಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನೆಲ ನೋಡುವವರೇ ಹೆಚ್ಚು. ಮೂರನೇ ವಾರಕ್ಕೆ ‘ಸಾಕಮ್ಮ, ಕೂತ್ಕೋ, ಇನ್ನೊಬ್ಬರಿಗೂ ಟೈಮ್ ಕೊಡು’ ಎನ್ನಬೇಕಾಗುತ್ತದೆ.

ಈ ಪದ್ಧತಿಯ ಬೇರು ಇರುವುದು ಘಟ್ಟದ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಅಲ್ಲಿನ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಕಟ್ಟಿದವು. ಎರಡು ಬ್ಯಾಂಕೂ ಅದೇ ಕರಾವಳಿಯ ಕೂಸುಗಳು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಸಿಂಡಿಕೇಟ್ 1925ರಲ್ಲಿ ಉಡುಪಿಯಲ್ಲಿ. ಮನೆ ಬಾಗಿಲಿಗೆ ಹೋಗಿ ಚಿಲ್ಲರೆ ಕಾಸು ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲೇ ಶುರುಮಾಡಿದ್ದ ಬ್ಯಾಂಕಿಗೆ ಬಡವರ ಜೊತೆಗಿನ ವ್ಯವಹಾರ ಹೊಸದಾಗಿರಲಿಲ್ಲ. ಸಿಂಡಿಕೇಟ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು, ಹಳಬರ ಬಾಯಲ್ಲಿ ಹೆಸರು ಇನ್ನೂ ಉಳಿದಿದೆ. ನೌಕರಿ ಕೇಳಿಕೊಂಡು ಬರುವ ಹುಡುಗರಿಗೆಲ್ಲ ನೌಕರಿ ಕೊಡಿಸುವುದು ಯಾರಿಂದಲೂ ಆಗದು, ಅವರ ಕೈಗೊಂದು ಕಸುಬು ಹಾಕಿ ಪಕ್ಕದಲ್ಲೇ ಸಾಲ ಕೊಡುವ ಬ್ಯಾಂಕನ್ನೂ ಕೂರಿಸಬೇಕು ಎಂಬುದು ಉಜಿರೆಯ ಲೆಕ್ಕಾಚಾರ. ಕಸುಬು ಕಲಿಸುವ ಕೇಂದ್ರಗಳು ದೇಶದಲ್ಲಿ ಬೇಕಾದಷ್ಟಿದ್ದವು. ಬ್ಯಾಂಕನ್ನು ಮನೆಯ ಯಜಮಾನನ ಜಾಗದಲ್ಲಿ ಕೂರಿಸಿದ್ದು ಇಲ್ಲಿನ ಜಾಣತನ.

2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಇಡೀ ದೇಶಕ್ಕೆ ಎತ್ತಿಕೊಂಡಿತು. ಜಿಲ್ಲೆಗೊಂದು ಸಂಸ್ಥೆ, ಒಂದೊಂದಕ್ಕೂ ಒಂದು ಬ್ಯಾಂಕಿನ ಪ್ರಾಯೋಜನೆ, ರಾಜ್ಯ ಸರ್ಕಾರದಿಂದ ಜಾಗ, ಕಟ್ಟಡಕ್ಕೆ ಕೇಂದ್ರದಿಂದ 1 ಕೋಟಿ ರೂಪಾಯಿವರೆಗೆ ನೆರವು. ಹೆಸರು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಚುಟುಕಾಗಿ ಆರ್‌ಸೆಟಿ ಎಂದಾಯಿತು. ಇವತ್ತು ದೇಶದಲ್ಲಿ ಇಂಥವು 500ಕ್ಕೂ ಹೆಚ್ಚಿವೆ. ನಿರ್ದೇಶಕರ ಕುರ್ಚಿಯಲ್ಲಿ ಸಾಮಾನ್ಯವಾಗಿ ಬ್ಯಾಂಕಿನ ಅಧಿಕಾರಿಯೇ ಇರುತ್ತಾರೆ. ಕನ್ನಡನಾಡಿನ ಮೂಲೆಯೊಂದರಲ್ಲಿ ಹುಟ್ಟಿದ ಯೋಜನೆಯೊಂದು ದೆಹಲಿಯ ಯೋಜನೆಯಾದದ್ದನ್ನು ನಾವು ಅಷ್ಟಾಗಿ ಹೇಳಿಕೊಂಡಿಲ್ಲ.

ಮುಂಭಾಗದ ಹಾಲಿನಲ್ಲಿ ಹೊಲಿಗೆ ತಂಡ. ಬಾಗಿಲಿಗೆ ಬರುವ ಮುಂಚೆಯೇ ಸದ್ದು ಕೇಳುತ್ತದೆ, ಒಂದು ಮೆಷಿನ್ನು ನಿಂತರೆ ಇನ್ನೆರಡು ಹೊರಡುತ್ತವೆ. ನೆಲದ ತುಂಬ ಹಳೇ ಪತ್ರಿಕೆಯ ಚೂರು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಪೇಪರಿನ ಮೇಲೆ ಬ್ಲೌಸು ಕತ್ತರಿಸಿ ಕಲಿಯಬೇಕು. ಮುಖ್ಯಮಂತ್ರಿಯ ಭಾಷಣದ ನಡುವೆ ಆರ್ಮ್‌ಹೋಲ್ ಹಾದುಹೋಗಿದೆ, ಕ್ರಿಕೆಟ್ ಸ್ಕೋರಿನ ಮೇಲೆ ಡಾರ್ಟ್ ಬಿದ್ದಿದೆ. ಎದೆಯಳತೆಯ ನಾಲ್ಕನೇ ಒಂದು ಪಾಲು, ಅದಕ್ಕೆ ಹೊಲಿಗೆಯ ಅಂಚು, ಸಡಿಲ ಎಷ್ಟು ಎಂದು ಸೀಮೆಸುಣ್ಣದಲ್ಲಿ ಗುರುತು. ಹೊಸದುರ್ಗದ ಕಡೆಯ ಒಬ್ಬಾಕೆ, ವಯಸ್ಸು ಮೂವತ್ತರ ಆಸುಪಾಸು, ಲೈನಿಂಗ್ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಾರೆ. ಹೊಲಿದ ಮೇಲೆ ಲೈನಿಂಗ್ ಕುಗ್ಗಿ ಮೇಲ್ಬಟ್ಟೆ ಸುಕ್ಕಾಗಬಾರದೆಂದು ಮೊದಲೇ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಕತ್ತರಿಸುವುದು ವಾಡಿಕೆ. ‘ನಮ್ಮೂರಲ್ಲಿ ಹಂಗೇ ಹೊಲೀತಾರೆ, ಒಂದು ಒಗೆತಕ್ಕೆ ಮುದುಡ್ತದೆ’ ಎನ್ನುತ್ತ ನಗುತ್ತಾರೆ. ಪಕ್ಕದ ಮೇಜಿನಲ್ಲಿ ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ಅಭ್ಯಾಸ ನಡೆದಿದೆ. ಫಾಲ್ಸು, ಕುಚ್ಚು, ಬ್ಲೌಸು ಮೂರೂ ಒಂದೇ ಕಡೆ ಸಿಕ್ಕರೆ ಮದುವೆ ಮನೆಯವರು ಬೇರೆ ಕಡೆ ಹೋಗುವುದಿಲ್ಲ ಎಂಬುದು ಹೊಲಿಗೆ ಕಲಿಸುವ ಮೇಡಮ್ಮಿನ ಸೂತ್ರ.

ಮಧ್ಯಾಹ್ನ ಮುದ್ದೆ ಉಂಡು ಕಣ್ಣು ಎಳೆಯುವ ಹೊತ್ತಿಗೆ ಲೆಕ್ಕದ ಪಾಠ ಬರುತ್ತದೆ. ಇಡೀ ತಿಂಗಳಲ್ಲಿ ನೋಡಲೇಬೇಕಾದ ಪಾಠ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

‘ಲೈನಿಂಗ್ ಬ್ಲೌಸಿಗೆ ಎಷ್ಟು ತಗೋತೀರಿ?’ ಮೇಡಮ್ಮು ಕೇಳುತ್ತಾರೆ.

ಇಡೀ ಹಾಲ್ ಮೌನ. ಹಿಂದಿನ ಸಾಲಿನಿಂದ ಒಂದು ದನಿ: ‘ಅವರು ಕೊಟ್ಟಷ್ಟು, ಮೇಡಂ.’

‘ಕೊಟ್ಟಷ್ಟು ಅಂದ್ರೆ?’

‘ಪಕ್ಕದ ಮನೇರಲ್ವಾ, ಹೆಂಗೆ ಕೇಳೋದು?’

ಮೇಡಮ್ಮು ಸುಣ್ಣದ ಕಡ್ಡಿ ಎತ್ತಿಕೊಳ್ಳುತ್ತಾರೆ. ಲೈನಿಂಗ್ ಬಟ್ಟೆ ಎಷ್ಟು, ದಾರ ಎಷ್ಟು, ಹುಕ್ಕು, ಕರೆಂಟು, ಮೆಷಿನ್ನಿನ ಎಣ್ಣೆ, ಸೂಜಿ. ಇಲ್ಲಿವರೆಗೆ ಎಲ್ಲರೂ ಕೂಗಿ ಹೇಳುತ್ತಾರೆ. ‘ಆಮೇಲೆ?’ ಎಂದರೆ ಯಾರಿಗೂ ಹೊಳೆಯದು. ಕತ್ತರಿಸಿ, ಹೊಲಿದು, ಕೈಯಿಂದ ಹೆಮ್ಮಿಂಗ್ ಮಾಡಿ ಹುಕ್ಕು ಹಾಕುವಷ್ಟರಲ್ಲಿ ಕಳೆದ ಅರ್ಧ ದಿನವನ್ನು ಖರ್ಚಿನ ಪಟ್ಟಿಗೆ ಸೇರಿಸಬೇಕೆಂದು ಇಪ್ಪತ್ತೈದು ಹೆಂಗಸರಲ್ಲಿ ಒಬ್ಬರಿಗೂ ತೋಚಿಲ್ಲ. ಕಳೆ ಕೀಳಲು ಹೋದರೆ ದಿನಕ್ಕೆ ಎಷ್ಟು ಕೂಲಿ ಎಂಬುದು ಅದೇ ಹೆಂಗಸರಿಗೆ ಬಾಯಿಪಾಠ, ಊರಿನಿಂದ ಊರಿಗೆ ಹತ್ತು ರೂಪಾಯಿ ಹೆಚ್ಚುಕಡಿಮೆ ಇರುವುದೂ ಗೊತ್ತು. ಮನೆಯೊಳಗೆ ಕೂತು ಮಾಡಿದ ಕೆಲಸಕ್ಕೆ ಮಾತ್ರ ಬೆಲೆ ಇಲ್ಲವೆಂದು ಯಾರೋ ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ. ಬೋರ್ಡಿನ ಮೇಲೆ ಆ ಅರ್ಧ ದಿನದ ಕೂಲಿ ಸೇರಿ ಕೆಳಗೊಂದು ಮೊತ್ತ ಬಿದ್ದಾಗ, ‘ಅಯ್ಯೋ, ಅಷ್ಟು ಯಾರು ಕೊಡ್ತಾರೆ!’ ಎಂಬ ಉದ್ಗಾರ ಏಕಕಾಲಕ್ಕೆ ಏಳುತ್ತದೆ.

ಆಮೇಲೆ ನಾಟಕ. ಒಬ್ಬರು ಗಿರಾಕಿ, ಒಬ್ಬರು ಟೈಲರು. ಗಿರಾಕಿಯಾದವರು ಚೌಕಾಸಿಯನ್ನು ಅದೆಷ್ಟು ಲೀಲಾಜಾಲವಾಗಿ ಮಾಡುತ್ತಾರೆಂದರೆ, ‘ಅಲ್ಲಮ್ಮಾ, ನೀನು ನಮ್ಮೋಳು ಅಂತ ಬಂದ್ರೆ’ ಎಂಬಲ್ಲಿಂದ ಹಿಡಿದು ‘ಮುಂದಿನ ತಿಂಗಳು ಕೊಡ್ತೀನಿ’ ಎಂಬಲ್ಲಿಯವರೆಗೆ ಒಂದೂ ತಪ್ಪದೆ ಬರುತ್ತವೆ. ಟೈಲರಾದ ಹೊಸದುರ್ಗದಾಕೆ ಎರಡು ಸಲ ಸೋತು ಮೂರನೇ ಸಲ, ‘ಇಲ್ಲಕ್ಕ, ರೇಟು ಇಷ್ಟೇ’ ಎಂದು ತಲೆ ಎತ್ತದೆ ಹೇಳುತ್ತಾರೆ. ಮೇಡಮ್ಮು ಬಿಡುವುದಿಲ್ಲ: ‘ಮುಖ ನೋಡಿ ಹೇಳು.’ ನಾಲ್ಕನೇ ಸಲ ಮುಖ ನೋಡಿ ಹೇಳಿದಾಗ ಹಾಲಿನಲ್ಲಿ ಚಪ್ಪಾಳೆ. ಕತ್ತರಿ ಹಿಡಿಯುವುದನ್ನು ಊರಿನ ಯಾವ ಟೈಲರಮ್ಮನ ಹತ್ತಿರವಾದರೂ ಕಲಿಯಬಹುದು. ಇದನ್ನು ಕಲಿಸುವವರು ಊರಲ್ಲಿ ಇಲ್ಲ.

ಇನ್ನೊಂದು ಆಟದ ಬಗ್ಗೆ ನನ್ನದೊಂದು ತಕರಾರಿದೆ. ನೆಲದಲ್ಲಿ ಗೂಟ ನೆಟ್ಟು, ದೂರದಿಂದ ಬಳೆಯಂಥ ರಿಂಗು ಎಸೆಯುವ ಆಟ. ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದು ಆಡುವವರ ಇಷ್ಟ. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಅವರ ವಿಚಾರಗಳಿಂದ ಬಂದದ್ದು. 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಅವರ ತಂಡ ಕೊಟ್ಟ ತರಬೇತಿ ನಮ್ಮ ದೇಶದ ಉದ್ಯಮಶೀಲತೆಯ ಪಾಠಗಳಿಗೆಲ್ಲ ತಳಹದಿಯಾಯಿತು. ಗೂಟಕ್ಕೆ ಅಂಟಿ ನಿಲ್ಲುವವರಿಗೆ ಸಾಧಿಸುವ ಹಂಬಲ ಕಡಿಮೆ, ತೀರಾ ದೂರ ನಿಲ್ಲುವವರು ಜೂಜುಕೋರರು, ನಡುವೆ ನಿಂತು ಗುರಿ ಅಳೆಯುವವರೇ ಉದ್ಯಮಿಗಳಾಗುವವರು ಎನ್ನುತ್ತದೆ ಶಾಸ್ತ್ರ. ಇಲ್ಲಿ ಹೆಂಗಸರು ಹೆಚ್ಚಾಗಿ ಗೂಟದ ಪಕ್ಕದಲ್ಲೇ ನಿಲ್ಲುತ್ತಾರೆ, ತರಬೇತುದಾರರು ನಕ್ಕು ಹಿಂದೆ ಸರಿಸುತ್ತಾರೆ. ಮನೆಯಲ್ಲಿ ಇರುವ ಎರಡು ಕುರಿ ಮಾರಿ ಮೆಷಿನ್ನು ಕೊಳ್ಳಬೇಕಾದವಳು ಗೂಟದ ಹತ್ತಿರ ನಿಂತರೆ ಅದು ಹಂಬಲದ ಕೊರತೆಯಲ್ಲ, ಶುದ್ಧ ಲೆಕ್ಕ. ಒಂದು ರಿಂಗು ತಪ್ಪಿದರೆ ಅವಳಿಗೆ ಎರಡನೆಯದು ಸಿಗುವುದಿಲ್ಲ. ಆಟ ಬೇಡವೆಂದಲ್ಲ. ಅದನ್ನು ಓದುವ ರೀತಿಯನ್ನು ಚಳ್ಳಕೆರೆಗೆ ತಕ್ಕಂತೆ ಬದಲಿಸಿಕೊಳ್ಳಬಹುದಿತ್ತು.

ಉಚಿತ ಎಂಬ ಮಾತಿಗೂ ಇಲ್ಲಿ ಇನ್ನೊಂದು ಮಗ್ಗುಲಿದೆ. ತಿಂಗಳಿಡೀ ಇಲ್ಲಿ ಕೂತರೆ ತಿಂಗಳ ಕೂಲಿ ಹೋಯಿತು. ಊಟ ಇವರದು ಇಲ್ಲಿ ನಡೆಯುತ್ತದೆ, ಮನೆಯಲ್ಲಿರುವ ಮಕ್ಕಳದು? ಸಂಜೆಯಾದರೆ ವರಾಂಡದ ಕಂಬಕ್ಕೊಬ್ಬರಂತೆ ಒರಗಿ ಫೋನಿನಲ್ಲಿ ‘ಹಾಲು ಕಾಸಿದ್ಯಾ?’, ‘ದನಕ್ಕೆ ನೀರಿಟ್ಯಾ?’ ಎಂದು ಮನೆ ನಡೆಸುವ ದನಿಗಳು. ಕಲಿಯಲು ಬಂದು ವಾರದೊಳಗೆ ಗಂಟು ಕಟ್ಟುವವರು ಸೋಮಾರಿಗಳಲ್ಲ, ಹೆಚ್ಚಾಗಿ ಅತ್ತೆಗೆ ಜ್ವರ ಬಂದವರು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಯೂ ಸೇರಿದಂತೆ 18 ಕಸುಬಿನವರಿಗೆ ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಇಟ್ಟಿದ್ದಾರೆ. ಆ ಯೋಜನೆಯ ಬಗ್ಗೆ ಏನೇ ದೂರಿರಲಿ, ಕಲಿಯುವವಳ ದಿನಕ್ಕೂ ಬೆಲೆಯಿದೆ ಎಂದು ಒಪ್ಪಿಕೊಂಡದ್ದು ಸರಿಯಾದ ಕೆಲಸ. ಬ್ಲೌಸಿನ ಲೆಕ್ಕದಲ್ಲಿ ಅರ್ಧ ದಿನವನ್ನು ಸೇರಿಸಿ ಎಂದು ಹೇಳಿಕೊಡುವ ಆರ್‌ಸೆಟಿ ತನ್ನ ಲೆಕ್ಕದಲ್ಲೂ ಅವಳ ತಿಂಗಳನ್ನು ಸೇರಿಸಿಕೊಳ್ಳಬೇಕು.

ಮೂಲೆಯಲ್ಲಿ ಬೈಕ್ ರಿಪೇರಿಯವರದು ಬೇರೆಯೇ ಗೋಳು. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಬೈಕುಗಳೆಲ್ಲ ಬಿಎಸ್-6. ಹೆಚ್ಚಿನವುಗಳಲ್ಲಿ ಕಾರ್ಬುರೇಟರ್ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ, ಎಲ್ಲಿ ಕೆಟ್ಟಿದೆಯೆಂದು ಹೇಳಲು ಸ್ಕ್ಯಾನರ್ ಬೇಕು. ಕೆಲವು ಕೇಂದ್ರಗಳಲ್ಲಿ ಕಲಿಯುವ ಹುಡುಗರ ಮುಂದೆ ನಿಂತಿರುವುದು ಇನ್ನೂ ಹಳೇ ಗಾಡಿ. ಜೆಟ್ ತೆಗೆದು ಊದಿ ಸ್ವಚ್ಛ ಮಾಡುವುದರಲ್ಲಿ ಪಳಗಿ ಹೊರಬಿದ್ದವನ ಅಂಗಡಿಗೆ ಮೊದಲ ದಿನವೇ ಹೊಸ ಬೈಕು ಬಂದು ನಿಂತರೆ? ಸ್ಕ್ರೀನ್ ಪ್ರಿಂಟಿಂಗನ್ನು ಫ್ಲೆಕ್ಸು ನುಂಗಿದ್ದು, ಫೋಟೊ ಸ್ಟುಡಿಯೊವನ್ನು ಮೊಬೈಲು ನುಂಗಿದ್ದು ನಮ್ಮ ಕಣ್ಣೆದುರೇ ಆಯಿತು. ಸಿಸಿಟಿವಿ ಜೋಡಣೆಯಂಥ ಹೊಸ ತರಬೇತಿಗಳು ಸೇರಿವೆ ನಿಜ. ಹಳೇ ತರಬೇತಿಯೊಳಗೆ ಹೊಸ ಸಾಮಾನು ತರಿಸುವುದು ಮಾತ್ರ ನಿಧಾನ.

ಕೊನೆಯ ವಾರ ಎಲ್ಲರ ಕೈಯಲ್ಲೂ ಒಂದು ಫೈಲು. ಅದರಲ್ಲಿ ಯೋಜನಾ ವರದಿ, ಮೆಷಿನ್ನಿನ ಕೊಟೇಶನ್ನು, ಬಾಡಿಗೆ ಕರಾರು. ಪರೀಕ್ಷೆಯಾಗಿ ಸರ್ಟಿಫಿಕೇಟು ಬರುತ್ತದೆ, ಗುಂಪು ಫೋಟೊ ಆಗುತ್ತದೆ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಾದ ಪಿಎಂಇಜಿಪಿಯಲ್ಲಿ ಗ್ರಾಮೀಣ ಮಹಿಳೆಗೆ, ಪರಿಶಿಷ್ಟರಿಗೆ ಯೋಜನೆಯ ವೆಚ್ಚದ ಶೇ 35ರಷ್ಟು ಸಹಾಯಧನ, ಸ್ವಂತದ್ದು ಶೇ 5 ಹಾಕಿದರೆ ಸಾಕು. ಕಾಗದದ ಮೇಲೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೇಳುವುದು ಬೇರೆ: ‘ಸಿಬಿಲ್ ಸ್ಕೋರು ಕಡಿಮೆ ಇದೆ’, ‘ಸಂಘದ ಸಾಲ ಬಾಕಿ ಇದೆ’, ‘ಸೋಮವಾರ ಬನ್ನಿ’. ಕನ್ನಡ ಬಾರದ ಮ್ಯಾನೇಜರು, ಹಿಂದಿ ಬಾರದ ಟೈಲರಮ್ಮ, ನಡುವೆ ಕಾವಲುಗಾರನೇ ದುಭಾಷಿ. ಸಂಸ್ಥೆಯ ನಿರ್ದೇಶಕರು ಬ್ಯಾಂಕಿನವರೇ ಆಗಿರುವುದು ಕೆಲಸಕ್ಕೆ ಬರುವುದು ಇಲ್ಲೇ. ಒಂದು ಫೋನು ಮಾಡಿ ‘ನಮ್ಮ ಹುಡುಗಿ, ನೋಡಿ ಸರ್’ ಎಂದರೆ ಫೈಲು ಎದ್ದು ನಿಲ್ಲುತ್ತದೆ. ಆ ಫೋನು ಮಾಡುವ ನಿರ್ದೇಶಕರಿರುವ ಜಿಲ್ಲೆಯಲ್ಲಿ ಬೋರ್ಡುಗಳು ಏಳುತ್ತವೆ. ಇಲ್ಲದ ಜಿಲ್ಲೆಯಲ್ಲಿ ಸರ್ಟಿಫಿಕೇಟು ಗೋಡೆಗೆ ಹೋಗುತ್ತದೆ.

ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನುಹತ್ತಿ ವಿಚಾರಿಸಬೇಕೆಂಬುದು ಉಜಿರೆಯಿಂದ ಬಂದ ನಿಯಮ. ಅಂಗಡಿ ಶುರುವಾಯಿತೆ, ಸಾಲ ಸಿಕ್ಕಿತೆ, ಗಿರಾಕಿ ಬರುತ್ತಾರೆಯೇ? ಒಬ್ಬ ಕ್ಷೇತ್ರ ಸಿಬ್ಬಂದಿ ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ಕಂಡುಕೊಂಡು ಬರುವ ವಿಷಯ ಇದು. ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿಟ್ಟ ಮನೆಗಳೂ ಸಿಗುತ್ತವೆ, ರಾತ್ರಿ ಹನ್ನೊಂದಕ್ಕೂ ದೀಪ ಆರದ ರಿವೈಂಡಿಂಗ್ ಶೆಡ್ಡುಗಳೂ ಸಿಗುತ್ತವೆ. ಮೆಷಿನ್ನು ಮುಚ್ಚಿಟ್ಟವರಲ್ಲಿ ಅನೇಕರ ಕಾರಣ ಒಂದೇ. ಹೊಲಿಗೆ ಬಾರದ್ದಲ್ಲ, ಹೊಲಿಸಿಕೊಂಡವರು ದುಡ್ಡು ಕೊಡದ್ದು.

ನಿಮ್ಮ ಜಿಲ್ಲೆಯಲ್ಲೂ ಇಂಥದೊಂದು ಸಂಸ್ಥೆ ಇರುತ್ತದೆ. ಮನೆಯಲ್ಲಿ, ಬೀದಿಯಲ್ಲಿ 18 ತುಂಬಿ ಕೆಲಸವಿಲ್ಲದೆ ಕೂತವರಿದ್ದರೆ ವಿಳಾಸ ಹೇಳಿ ಕಳಿಸಿ. ಫೀಸು ಕೇಳಿದರೆ ಅದು ಆರ್‌ಸೆಟಿ ಅಲ್ಲ ಎಂದೂ ಹೇಳಿ. ಕಲಿತು ಬಂದ ಹೆಣ್ಣುಮಗಳು ನಿಮ್ಮ ಪಕ್ಕದ ಮನೆಯಲ್ಲೇ ಬೋರ್ಡು ಹಾಕಿದರೆ ಹೊಸ ಸೀರೆಯ ಬ್ಲೌಸು ಅವಳಿಗೇ ಕೊಡಿ. ಅವಳು ಮುಖ ನೋಡಿ ಹೇಳಿದ ರೇಟನ್ನು ಚೌಕಾಸಿ ಮಾಡದೆ, ಬ್ಲೌಸು ಕೈಗೆ ಬಂದ ದಿನವೇ ಕೊಟ್ಟುಬಿಡಿ.